ಕಣ್ಣು ಜೋಪಾನ

“ಎಲ್ರೂ ಕಣ್ಣು ಜೋಪಾನ,” ಎಂದು ಡಾಕ್ಟರು ಹೇಳಿದ್ದೇ ತಡ, ಮೇಜಿನ ಮೇಲೆ ಮಲಗಿದ್ದ ವೆಲ್ಡರ್ ಸರಕ್ಕನೆ ಮುಖ ತಿರುಗಿಸಿಬಿಟ್ಟ. ಮುಖದ ಹಿಂದೆಯೇ ಸೊಂಟ ಹೊರಳಿತು, ಕಾಲೂ ಅಲುಗಿತು. ಪುಣ್ಯಕ್ಕೆ ಡಾಕ್ಟರು ಇನ್ನೂ ಲೇಸರಿನ ಪೆಡಲು ಒತ್ತಿರಲಿಲ್ಲ.

ಹೀಗಾದದ್ದು ಇದು ಎರಡನೇ ಸಲ.

“ಯಜಮಾನ್ರೇ, ಕೊಳವೆಯ ತುದಿ ನಿಮ್ಮ ರಕ್ತನಾಳದ ಒಳಗಿದೆ. ಲೇಸರ್ ಬಿಟ್ಟಾಗ ಹೀಗೆ ಅಲುಗಿದ್ರೆ ನಾಳಾನೇ ತೂತಾಗತ್ತೆ. ಇನ್ನೊಂದ್ಸಲ ಹೀಗಾದ್ರೆ ನಾನು ಇಲ್ಲಿಗೇ ನಿಲ್ಲಿಸ್ತೀನಿ.”

ನಿಲ್ಲಿಸಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ತೊಡೆಯ ನಾಳದಲ್ಲಿ ಕೊಬ್ಬು ಗಟ್ಟಿಯಾಗಿ ಕೂತು ರಕ್ತದ ದಾರಿಯನ್ನೇ ಮುಚ್ಚಿತ್ತು. ಹೆಬ್ಬೆರಳು ಆಗಲೇ ಕಪ್ಪಿಟ್ಟಿತ್ತು. ಲೇಸರಿನಿಂದ ದಾರಿ ಬಿಡಿಸಲಾಗದಿದ್ದರೆ ಕಾಲು ತೆಗೆಯಬೇಕೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೃದಯ ಸೋತಿದ್ದರಿಂದ ಪೂರ್ತಿ ಪ್ರಜ್ಞೆ ತಪ್ಪಿಸುವಂತೆಯೂ ಇರಲಿಲ್ಲ. ಕೂತಲ್ಲಿ ಕೂರದ ಮನುಷ್ಯ, ಇವತ್ತೊಂದು ದಿನವಾದರೂ ಮಲಗಿದಲ್ಲಿ ಮಲಗಿರಿ ಎಂದು ಹೆಂಡತಿ ಆಪರೇಷನ್ ಕೋಣೆಯ ಬಾಗಿಲವರೆಗೂ ರೇಗಿಸುತ್ತ ಬಂದು, ಬಾಗಿಲ ಬಳಿ ಅವನ ಕೈಯನ್ನಷ್ಟೇ ಹಿಸುಕಿದ್ದಳು.

ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಬೇಕೆಂದು ಮಾಡಿದ್ದಲ್ಲವಲ್ಲ. ಅವನ ಶೆಡ್ಡಿನಲ್ಲಿ ಕಿಡಿ ಹಾರಿಸುವವನು “ಕಣ್ಣು ಜೋಪಾನ” ಎಂದು ಕೂಗಿದರೆ ಅಕ್ಕಪಕ್ಕದವರು ಹಿಂದೆಮುಂದೆ ನೋಡದೆ ಮುಖ ತಿರುಗಿಸಬೇಕು. ಹೊರಗಿನವರು ನಕ್ಕರೂ ಆ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ಮುಖ ತಿರುಗಿಸದವನು ಅಲ್ಲಿ ಒಬ್ಬನೇ, ಕೂಗಿದವನು. ಅವನು ಅಲುಗಿದರೆ ಬೆಸುಗೆ ಕೆಟ್ಟಂತೆಯೇ.

“ಸಾರ್,” ಎಂದ. “ಆ ಮಾತು ನಾನೇ ಹೇಳ್ಲಾ? ನಾನು ಕೂಗಿದ್ರೆ ನಾನು ಅಲುಗಲ್ಲ.”

ಡಾಕ್ಟರು ನರ್ಸಿನ ಮುಖ ನೋಡಿದರು. ಆಕೆ ಅವನ ಕಣ್ಣಿನ ಮೇಲಿದ್ದ ಕಪ್ಪು ಕನ್ನಡಕ ಸರಿಮಾಡಿದಳು.

“ಸರಿ, ಹೇಳಿ.”

“ಕಣ್ಣು ಜೋಪಾನ.”

ಪೆಡಲು ಕೆಳಗಿಳಿದು ಯಂತ್ರ ಟಿಕಟಿಕ ಎಂದಿತು. ಡಾಕ್ಟರ ಕೈ ಕೊಳವೆಯನ್ನು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಮುಂದೆ ದೂಡುತ್ತಿತ್ತು. ಇಂಥ ಕೆಲಸಕ್ಕೆ ಅವಸರ ಒಗ್ಗುವುದಿಲ್ಲವೆಂದು ಅವನಿಗೂ ಗೊತ್ತು. ಮೊಣಕಾಲಿನ ಮೇಲೆ ಚುರ್ ಎಂದಿತು. ಹಲ್ಲು ಕಚ್ಚಿದ, ಮುಖ ತಿರುಗಿಸಲಿಲ್ಲ. ಯಂತ್ರ ನಿಂತಿತು. ಡಾಕ್ಟರು ಪರದೆ ನೋಡಿ ತಲೆಯಾಡಿಸಿದರು. ಅವನು ಮತ್ತೆ ಕೂಗಿದ. ಮತ್ತೆ ನಿಂತಿತು, ಮತ್ತೆ ಕೂಗಿದ. ಕೊನೆಕೊನೆಗೆ ಗಂಟಲು ಕಟ್ಟಿ, ಮಾತು ಪಿಸುದನಿಯಲ್ಲಿ ಬಂತು. ಆದರೂ ಕೋಣೆಯಲ್ಲಿದ್ದವರೆಲ್ಲ ಅವನ ಮಾತಿಗೇ ಕಾದರು.

ಕೊಳವೆ ಹೊರಬಂದ ಮೇಲೆ ನರ್ಸ್ ಹೊದಿಕೆ ಸರಿಸಿ ನಾಡಿ ಹುಡುಕಲು ಅವನ ಪಾದದ ಮೇಲೆ ಎರಡು ಬೆರಳಿಟ್ಟಳು. ಅಲ್ಲಿಂದ ತುಸು ಪಕ್ಕಕ್ಕೆ ಸರಿಸಿದಳು. ಇನ್ನೂ ತುಸು. ಆಮೇಲೆ ಬೆರಳು ಒಂದೇ ಕಡೆ ನಿಂತವು. ಆಕೆ ಮಗ್ಗುಲಿಗೆ ಸರಿದು ಜಾಗ ಬಿಟ್ಟಳು. ಡಾಕ್ಟರು ಕೈಗವಸು ಕಳಚಿ ತಮ್ಮ ಬೆರಳನ್ನೂ ಅಲ್ಲೇ ಇಟ್ಟು, ಮಿಡಿತ ಎಣಿಸತೊಡಗಿದರು.

ವೆಲ್ಡರ್ ಮಾತ್ರ ಚೂರೂ ಅಲುಗದೆ, ಚಾವಣಿ ನೋಡುತ್ತ ಮಲಗಿಯೇ ಇದ್ದ. ಸಾಕು ಎಂದು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.