ಹೆಬ್ಬಲಸಿನ ಹಲಗೆ

“ಮರ ಆರ್ಸು ಅಂದ್ರೆ ಹೆಣ್ಣು ನೋಡೋಕೆ ಬಂದೋನಂಗೆ ಮೈಯೆಲ್ಲ ಸವರ್ತೀಯಲ್ಲೋ, ಬೋಳಿಮಗನೆ!”

ಬಡಗಿ ತಲೆ ಎತ್ತಲಿಲ್ಲ. ಕೊಡಲಿಯ ಹಿಂಬದಿಯಿಂದ ಬೂರುಗದ ದಿಮ್ಮಿಯನ್ನು ತಟ್ಟಿದ. ನೆನೆದ ಗೋಡೆಗೆ ಗುದ್ದಿದಂಥ ಸದ್ದು. ಉಗುರು ಒತ್ತಿದ, ಒಳಗಿಳಿಯಿತು.

“ಇದಾಗಲ್ಲ ಧಣಿ. ನೀರು ಕುಡಿಯೋ ಮರ. ಮೊಳೆ ನಿಲ್ಲಲ್ಲ, ಎರಡು ತಿಂಗಳಿಗೆ ತಳ ಬಿಡುತ್ತೆ.”

“ಮರಳು ತೆಗೆಯೋ ಹೆಂಗಸ್ರನ್ನ ಹೊಳೆ ದಾಟ್ಸೋ ದೋಣಿ ಕಣೋ ಇದು. ರಾಣಿ ಮೆರವಣಿಗೆಗಲ್ಲ.”

“ಹೋದ್ಸಲದ ದೋಣಿ ತಳ ಬಿಟ್ಟು ನನ್ನ ಹೆಂಡ್ತಿ ಮುಳುಗಿ ಹೋದ್ಲು. ಈಗ ಇದ್ರಲ್ಲಿ ನಮ್ಮಕ್ಕ ಹೋಗ್ಬೇಕು.”

“ನಿಮ್ಮಕ್ಕಂಗೆ ಈಜು ಕಲ್ಸು, ಹೋಗು.”

ಆಳುಗಳು ನಕ್ಕರು. ಧಣಿ ಬಡಗಿಯ ಕತ್ತು ಹಿಡಿದು ಮುಖವನ್ನು ದಿಮ್ಮಿಗೆ ಒತ್ತಿದ.

“ನೆಕ್ಕು. ಗಟ್ಟಿ ಮರ ಅನ್ನು.”

ಬಡಗಿ ನೆಕ್ಕಿದ. ಹುಳು ತಿಂದ ಪುಡಿ ನಾಲಿಗೆಗೆ ಮೆತ್ತಿತು. “ಗಟ್ಟಿ ಮರ,” ಎಂದ.

ಧಣಿ ಆಳುಗಳೊಂದಿಗೆ ಊಟಕ್ಕೆ ಹೋದ. ಬಡಗಿ ಎಷ್ಟು ಉಗುಳಿದರೂ ಪುಡಿ ಹೋಗಲಿಲ್ಲ. ಹೆಂಡತಿಯನ್ನು ಮುಳುಗಿಸಿದ ದೋಣಿಯನ್ನು ಕಟ್ಟಿದವನೂ ಅವನೇ. ಅವತ್ತು ಯಾರೂ ಕತ್ತು ಹಿಡಿದಿರಲಿಲ್ಲ. ಧಣಿ ಕೇಳಿದ ಕೂಡಲೇ ಇಂಥದೇ ಬೂರುಗವನ್ನು ‘ಗಟ್ಟಿ ಮರ’ ಎಂದುಬಿಟ್ಟಿದ್ದ.

ಅಕ್ಕ ಬುತ್ತಿ ತಂದಳು. ಅವನು ಗಂಟು ಬಿಚ್ಚಲಿಲ್ಲ. ಧಣಿಯ ಹೊಸ ಮನೆಯ ಬಾಗಿಲಿಗೆಂದು ಸೀಳಿಟ್ಟಿದ್ದ ಹೆಬ್ಬಲಸಿನ ಹಲಗೆಗಳನ್ನು ಒಂದೊಂದಾಗಿ ತಟ್ಟಿದ. ಕಂಚಿನಂತೆ ಉಲಿದವು.

“ಅಕ್ಕಾ, ಗರಗಸದ ಆ ತುದಿ ಹಿಡ್ಕೊ.”

“ಅವನ ಬಾಗಿಲಿಗೆ ಇಟ್ಟಿದ್ದಲ್ವೇನೋ ಇದು? ಸಾಯಿಸ್ಬಿಡ್ತಾನೆ.”

“ಎಳಿ.”

ಅವಳು ತಮ್ಮನ ಮುಖ ನೋಡಿ ಎಳೆದಳು. ಹಲಗೆಗಳ ತುದಿಗಳನ್ನು ದೋಣಿಯ ಮೂತಿಗೆ ಕೂರುವಂತೆ ಓರೆಯಾಗಿ ಕೊಯ್ದರು. ನಾಲ್ಕು ಹಲಗೆ ಮುಗಿಯುವಷ್ಟರಲ್ಲಿ ಧಣಿ ಬಂದ.

ಅವನು ಬೈಯಲಿಲ್ಲ. ಕಣ್ಸನ್ನೆ ಮಾಡಿದ. ಆಳುಗಳು ಬಡಗಿಯ ಬಲಗೈಯನ್ನು ಬೂರುಗದ ದಿಮ್ಮಿಯ ಮೇಲೆ ಹರವಿ ಹಿಡಿದು, ಅವನದೇ ಕೊಡಲಿಯ ಹಿಂಬದಿಯಿಂದ ಜಜ್ಜಿದರು.

ಬಡಗಿ ಹಲ್ಲು ಕಚ್ಚಿದ. “ಕೊಯ್ದಿದ್ದನ್ನ ಅಂಟ್ಸೋಕಾಗಲ್ಲ ಧಣಿ. ಇನ್ನಿದು ದೋಣಿಗೇ ಸೈ.”

“ದೋಣಿಗಲ್ಲ, ಒಲೆಗೆ. ಸುಡ್ರೋ ಇದನ್ನ!”

ಒಬ್ಬ ಸೀಮೆಎಣ್ಣೆ ಡಬ್ಬಿ ತಂದ. ಅಷ್ಟರಲ್ಲಿ ಅಕ್ಕ ಹೋಗಿ ಹಲಗೆಗಳ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಹೊಳೆಯ ಕಡೆಯಿಂದ ಬರುತ್ತಿದ್ದ ಹೆಂಗಸರಲ್ಲಿ ಒಬ್ಬಳು ಮರಳು ಹೊರುವ ಮಂಕರಿ ಬಿಸಾಕಿ ಅವಳ ಪಕ್ಕ ಕೂತಳು. ಆಮೇಲೆ ಇನ್ನೊಬ್ಬಳು.

ಡಬ್ಬಿ ಹಿಡಿದ ಆಳು ಧಣಿಯ ಮುಖ ನೋಡಿದ.

“ನನ್ ಮುಖ ಏನ್ ನೋಡ್ತೀಯೋ?” ಎಂದ ಧಣಿ. “ಸುರಿ.”