ಡಂಗುರದ ಕಥೆಯ ಉಳಿದ ಅರ್ಧ

ಹೊನ್ನಕ್ಕ ಕಥೆ ಹೇಳುವುದಕ್ಕೆ ಒಂದು ಕಟ್ಟುಪಾಡಿತ್ತು. ಎದುರು ಕೂತವರಲ್ಲಿ ಒಬ್ಬರಾದರೂ ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತುಬಿಡುತ್ತಿತ್ತು. ನಡುವೆ ಎದ್ದು ಹೊರಟವರನ್ನು ಆಕೆ ಸುಮ್ಮನೆ ಬಿಟ್ಟವಳಲ್ಲ. "ಅರ್ಧ ಕತೆ ಹೊತ್ಕಂಡು ಎಲ್ಲಿಗ್ಲಾ ಹೋಗ್ತೀಯ? ದಾರಿ ತಪ್ಪಿಸ್ತದೆ ಅದು, ಕುತ್ಕ" ಎಂದು ಗದರಿ ಕೂರಿಸುತ್ತಿದ್ದಳು.

ಕಳ್ಳಂಬೆಳ್ಳದ ಕೆರೆ ಏರಿಯ ಪಕ್ಕದ ಆ ಮನೆಯ ಜಗಲಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೂಂ ಅಂದವಳು ಆಕೆಯ ಅಣ್ಣನ ಮಗಳು ಮಂಗಳಾ. ಕಥೆಯ ಜೊತೆಗೇ ಅತ್ತೆಯ ಬೆರಳುಗಳು ಕನಕಾಂಬರ ಕಟ್ಟುತ್ತಿದ್ದವು. ಬಲ ಮುಂಗೈಯ ಮೇಲೊಂದು ಬರೆ. ಎಳವೆಯಲ್ಲಿ ಕಾಮಾಲೆ ಬಂದಾಗ ಕಾದ ಕಬ್ಬಿಣ ಇಟ್ಟು ಹಾಕಿದ್ದು. ರೋಮವಿಲ್ಲದೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಆ ಕೈ ಕಟ್ಟಿದ ಮಾಲೆ ಪ್ರತಿ ಶನಿವಾರ ಆಂಜನೇಯನ ಕೊರಳಿಗೆ ಹೋಗುತ್ತಿತ್ತು. "ಮಂತ್ರ ಬರಲ್ಲ ನಂಗೆ, ಗಂಟು ಬರ್ತದೆ" ಎನ್ನುವಳು ಹೊನ್ನಕ್ಕ. ಆಕೆಯ ಪೂಜೆಯೆಲ್ಲ ಆ ಗಂಟುಗಳಲ್ಲೇ ಇತ್ತು.

ಮಂಗಳಾ ಓದಿ ವಿಜ್ಞಾನಿಯಾದಳು. ಮೈಯೊಳಗಿನ ಒಂದು ಜೀವಕೋಶ ಯಾರು ಕರೆದರೆ ಎದ್ದು ಎರಡಾಗುತ್ತದೆ, ಯಾವಾಗ ಸಾಕು ಎಂದು ಮತ್ತೆ ಮಲಗುತ್ತದೆ ಎನ್ನುವುದೇ ಅವಳ ಸಂಶೋಧನೆ. ಅದಕ್ಕೊಂದು ದೊಡ್ಡ ಪುರಸ್ಕಾರ ಬಂದಾಗ ಮಧುಗಿರಿಯಲ್ಲಿ, ಬೆಟ್ಟದ ಬುಡದ ಸಮುದಾಯ ಭವನದಲ್ಲಿ, ಸನ್ಮಾನ ಇಟ್ಟುಕೊಂಡರು. ಶಾಲು ಹೊದ್ದು ನಿಂತ ಮಂಗಳಾ ಅತ್ತೆಯ ಧಾಟಿಯಲ್ಲೇ ಹೇಳಿದಳು:

"ನಮ್ಮ ಮೈ ಒಂದು ಊರು ಅಂದುಕೊಳ್ಳಿ. ಮಂದಿಯೆಲ್ಲ ಮಲಗಿದ್ದಾರೆ. ಮಳೆಗೆ ಕೋಟೆ ಗೋಡೆ ಕುಸಿಯಿತು. ಅದೇ ಗಾಯ. ಆಗ ಡಂಗುರದವನು ಬೀದಿ ಬೀದಿ ಸಾರುತ್ತಾನೆ, ಗೋಡೆ ಬಿದ್ದೈತೆ, ಏಳ್ರಪ್ಪೋ! ಒಬ್ಬ ಎದ್ದು ಇಬ್ಬರಾಗುತ್ತಾನೆ, ಇಬ್ಬರು ನಾಲ್ವರಾಗುತ್ತಾರೆ. ಗೋಡೆ ಎದ್ದು ನಿಲ್ಲುತ್ತದೆ. ಆ ಡಂಗುರದವನೇ ಗ್ರೋತ್ ಫ್ಯಾಕ್ಟರ್, ಕೋಶಗಳನ್ನು ಬೆಳೆಸುವ ಅಂಶ."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಡಾಕ್ಟರ್ ಚೇತನ್ ಕುಮಾರ್ ಚಪ್ಪಾಳೆ ತಟ್ಟುತ್ತಲೇ ಎದ್ದು, ಫೋನನ್ನು ಕಿವಿಗಿಟ್ಟುಕೊಂಡು ಹೊರಟರು. ಬಸ್ ಸ್ಟ್ಯಾಂಡ್ ಹಿಂದೆ ಗಾಯದ ಕ್ಲಿನಿಕ್ ಇಟ್ಟವರು ಅವರು. ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹೊನ್ನಕ್ಕ ಪಕ್ಕದವಳ ತೊಡೆ ತಟ್ಟಿ, "ಹೂಂ ಅನ್ನದೆ ಎದ್ದೋದ ನೋಡು ಪುಣ್ಯಾತ್ಮ" ಅಂದದ್ದು ವೇದಿಕೆಯವರೆಗೂ ಕೇಳಿತ್ತು.

ಯುಗಾದಿ ಕಳೆದ ಮೇಲೆ ಮಂಗಳಾ ಕಳ್ಳಂಬೆಳ್ಳಕ್ಕೆ ಬಂದಳು. ಹೊನ್ನಕ್ಕನ ಮುಂಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಮುಖದಲ್ಲಿ ಮಾತ್ರ ಹಬ್ಬ.

"ಹಳೇ ಬರೆ ಒಡ್ಕಂಡು ಹುಣ್ಣಾಗಿತ್ತು ಕಣಮ್ಮ. ನಿನ್ನ ಔಷ್ದಿ ಹಾಕಿಸ್ತಾ ಇವ್ನಿ. ಹೆಂಗೆ ತುಂಬ್ಕಂಡು ಬಂದೈತೆ ನೋಡು!"

ಮಂಗಳಾ ಬಟ್ಟೆ ಬಿಚ್ಚಿ ನೋಡಿದಳು. ಬರೆಯ ಜಾಗದಲ್ಲಿ ಮಾಂಸ ಹೂಕೋಸಿನಂತೆ ಉಬ್ಬಿತ್ತು. ಸುತ್ತಲೂ ಗಟ್ಟಿ ಅಂಚು. ಬಟ್ಟೆಯ ಎಳೆ ತಾಗಿದ್ದಕ್ಕೇ ರಕ್ತ ಒಸರಿತು.

"ನನ್ನ ಔಷಧಿನಾ? ಯಾರು ಹೇಳಿದ್ದು ಅತ್ತೆ?"

"ಮಧುಗಿರಿ ಡಾಕ್ಟ್ರು. ಗೋಡೆ ಮೇಲೆ ನಿನ್ನ ಫೋಟೋನೇ ಹಾಕವ್ರೆ! ಅದುಕ್ಕೇ ಅಷ್ಟು ದೂರ ಹೋಗಿದ್ದು. ಇಲ್ದಿದ್ರೆ ಸಿರಾ ಆಸ್ಪತ್ರೆ ಸಾಕಾಗಿರ್ಲಿಲ್ವಾ?"

"ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರಾ?"

"ತೆಗೆಯೋದ್ಯಾಕೆ? ಬೆಳ್ಸೋ ಔಷ್ದಿ ಅಲ್ವಾ ಇದು?" ಎಂದು ಹೊನ್ನಕ್ಕ ನಕ್ಕಳು.

ತುಮಕೂರಿನ ಆಸ್ಪತ್ರೆಯಲ್ಲಿ ಚೂರು ತೆಗೆದರು. ಮಂಗಳಾ ಅಂಜಿದ್ದೇ ಆಗಿತ್ತು. ಸುಟ್ಟ ಕಲೆಯಲ್ಲಿ ಎಷ್ಟೋ ವರ್ಷಗಳ ಮೇಲೆ ಹುಟ್ಟುವ ಕ್ಯಾನ್ಸರ್. ಶಸ್ತ್ರವೈದ್ಯರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಹುಣ್ಣಾದ ಹೊಸದರಲ್ಲಿ ಬಂದಿದ್ದರೆ ಅಷ್ಟು ಚರ್ಮ ತೆಗೆದು ಮುಗಿಸುತ್ತಿದ್ದೆವು. ಈಗ ಮೂಳೆಗೆ ಇಳಿದಿದೆ. ಕೈ ಉಳಿಯುವುದಿಲ್ಲ" ಎಂದರು.

ಹೊನ್ನಕ್ಕ ಬಲಗೈಯ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದಳು. ಆಮೇಲೆ, "ಎಡಗೈ ಒಂದ್ರಲ್ಲೇ ಗಂಟು ಹಾಕಕ್ಕಾಯ್ತದಾ ಮಂಗ್ಳಾ?" ಎಂದು ಕೇಳಿದಳು. ಮಂಗಳಾ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಸರಿ ಬುಡು. ಕೈ ಕೊಡೋಕ್ ಮುಂಚೆ ಮಧುಗಿರಿಗೆ ಹೋಗ್ಬೇಕು, ನಡಿ."

ಬಸ್ಸಿನ ಕಿಟಕಿಯಲ್ಲಿ ಮಧುಗಿರಿಯ ಬೋಳುಬೆಟ್ಟ ಕಂಡಾಗ ಮಂಗಳಾ ಎಂದಿನಂತೆ ಕೈ ಮುಗಿಯಲಿಲ್ಲ. ಎದೆಯಲ್ಲಿ ಬೆಂಕಿ ಆಡುತ್ತಿತ್ತು. ಎಲ್ಲಿ ನಿಲ್ಲಬೇಕು ಎಂಬ ಅರಿವನ್ನು ಭಗವಂತ ಕಣ್ಣಿಗೆ ಕಾಣದ ಕಣಕ್ಕೂ ಇಟ್ಟು ಕಳಿಸಿದ್ದಾನೆ. ಮೈಕ್ರೊಸ್ಕೋಪಿಗೆ ಕಣ್ಣಿಟ್ಟಾಗಲೆಲ್ಲ ಅವಳಿಗೆ ಗರ್ಭಗುಡಿಯ ಮುಂದೆ ನಿಂತಂತೆ ಆಗುತ್ತಿದ್ದುದು ಅದಕ್ಕೇ. ಏಳು ಎಂಬ ಕರೆಯನ್ನಷ್ಟೇ ಒಬ್ಬ ಮುಲಾಮಿನ ಟ್ಯೂಬಿನಲ್ಲಿಟ್ಟು, ಗೋಡೆಗೆ ಅವಳ ಮುಖ ಅಂಟಿಸಿದ್ದ. ಅತ್ತೆ ನಂಬಿದ್ದು ಔಷಧಿಯನ್ನಲ್ಲ, ಆ ಮುಖವನ್ನು.

ಕ್ಲಿನಿಕ್ಕಿನ ಪಡಸಾಲೆಯಲ್ಲಿ ಬೆಂಚಿನ ತುಂಬ ಜನ. ಗೋಡೆಯ ಮೇಲೆ ಮಂಗಳಾಳ ಶಾಲು ಹೊದ್ದ ಫೋಟೋ, ಕೆಳಗೆ 'ನಮ್ಮೂರ ವಿಜ್ಞಾನಿಯ ಸಂಶೋಧನೆ' ಎಂಬ ಬರಹ. ಫೋಟೋಗೆ ಒಂದು ಪ್ಲಾಸ್ಟಿಕ್ ಹಾರ.

"ಬದುಕಿರೋಳಿಗೆ ಹಾರ ಹಾಕವ್ರಲ್ಲೇ! ಅದೂ ಪ್ಲಾಸ್ಟಿಕ್ಕು!" ಎಂದಳು ಹೊನ್ನಕ್ಕ.

ಚೇತನ್ ಕುಮಾರ್ ಕೈ ಜೋಡಿಸಿಕೊಂಡು ಹೊರಬಂದರು. "ಓಹೋ, ಮೇಡಂ! ಹೇಳಿದ್ದಿದ್ರೆ ಕಾರು ಕಳಿಸ್ತಿದ್ನಲ್ಲ. ಬನ್ನಿ, ಒಳಗೆ ಬನ್ನಿ."

"ಇವರ ಕೈಯಲ್ಲಿ ಇರೋದು ಕ್ಯಾನ್ಸರ್. ನೀವು ಅದರ ಮೇಲೆ ಗ್ರೋತ್ ಫ್ಯಾಕ್ಟರ್ ಸವರಿದ್ದೀರಿ" ಎಂದಳು ಮಂಗಳಾ.

ಅವರ ನಗು ಹಾಗೇ ಮುಖದ ಮೇಲೆ ಉಳಿಯಿತು. "ಛೆ, ಇರಲಾರದು ಮೇಡಂ. ಚೆನ್ನಾಗಿ ಮಾಂಸ ತುಂಬ್ತಾ ಇತ್ತು."

"ತುಂಬ್ತಾ ಇದ್ದದ್ದು ಯಾವ ಮಾಂಸ ಅಂತ ನೋಡಿದ್ರಾ? ಹಳೇ ಬರೆ ಒಡೆದು ಹುಣ್ಣಾಗಿದೆ ಅಂದರೆ ಮೊದಲು ಪರೀಕ್ಷೆ ಮಾಡಿಸಬೇಕು ಅಂತ ನಿಮಗೆ ಕಾಲೇಜಲ್ಲಿ ಹೇಳಿಕೊಡಲಿಲ್ವಾ? ನಿಮ್ಮ ಔಷಧಿಯಿಂದಲೇ ರೋಗ ಹುಟ್ಟಿತು ಅಂತ ನಾನು ಹೇಳಲ್ಲ. ಅಷ್ಟು ಸುಳ್ಳು ನನ್ನ ಬಾಯಲ್ಲಿ ಬರಲ್ಲ. ಇದ್ದದ್ದಕ್ಕೆ ನೀವು ಉಣ್ಣಿಸಿದ್ರಿ. ಕೈ ಉಳಿಸಿಕೊಳ್ಳೋಕೆ ಇದ್ದ ಕಾಲವನ್ನೆಲ್ಲ ತಿಂದ್ಬಿಟ್ರಿ. ಅದನ್ನು ನನ್ನ ಹೆಸರಲ್ಲಿ ಮಾಡಿದ್ರಿ!"

"ಮೇಡಂ, ಮೆಲ್ಲಗೆ... ಪೇಷಂಟ್ಸ್ ಇದಾರೆ. ಡಂಗುರದ ಕಥೆ ನೀವೇ ತಾನೇ ಹೇಳಿದ್ದು? ಒಳಗೆ ಮಾತಾಡೋಣ."

"ಒಳಗ್ಯಾಕೆ?" ಹೊನ್ನಕ್ಕ ಬೆಂಚಿನ ತುದಿಯಲ್ಲಿ ಕೂತು ಕೈಯ ಬಟ್ಟೆ ಬಿಚ್ಚತೊಡಗಿದಳು. "ಕತೆ ಹೇಳೋದು ಜಗಲೀಲಿ. ನೀವು ಅರ್ಧಕ್ಕೆ ಎದ್ದೋದ್ರಿ ಸ್ವಾಮಿ. ಉಳಿದಿದ್ದು ನಾನು ಹೇಳ್ತೀನಿ. ಹೂಂ ಅನ್ನಿ."

ಡಾಕ್ಟರು ಒಳಬಾಗಿಲಿನ ಕಡೆ ತಿರುಗಿದರು.

"ಗೋಡೆ ಕಟ್ಟೋಕೆ ಊರೋರೆಲ್ಲ ಎದ್ರು. ಆದ್ರೆ ಆ ಡಂಗುರದೋನಿಗೆ ಬಾಯಿ ಐತೆ, ಕಣ್ಣಿಲ್ಲ. ಊರ ಮೂಲೇಲಿ ಒಬ್ಬ ಕಳ್ಳ ಮಲಗಿದ್ದ. ಅವನ ಬಾಗ್ಲಲ್ಲೂ ನಿಂತು ಏಳ್ರಪ್ಪೋ ಅಂದ. ಹೂಂ ಅನ್ನಿ ಡಾಕ್ಟ್ರೇ."

ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಮೊಣಕಾಲು ಹಿಡಿದುಕೊಂಡೇ, "ಹೂಂ" ಅಂದಳು.

"ಕಳ್ಳನೂ ಎದ್ದ. ಅವನೂ ಒಬ್ಬ ಇದ್ದೋನು ಇಬ್ರಾದ."

"ಹೂಂ." ಈ ಸಲ ಎರಡು ಮೂರು ದನಿ.

"ಗೋಡೆ ಕಟ್ಟಿದೋರು ಕೆಲ್ಸ ಮುಗೀತು ಅಂತ ಮಲಿಕ್ಕಂಡ್ರು. ಕಳ್ಳ ಮಲಿಕ್ಕಳ್ಳಲಿಲ್ಲ. ಊರನ್ನೇ ತಿಂತಾ ಬಂದ. ಅದುಕ್ಕೇ ನಮ್ಮಣ್ಣನ ಮಗಳು ಏನಂದ್ಲು ಗೊತ್ತಾ? ಸಾರೋಕ್ ಮುಂಚೆ ದೀಪ ಹಿಡ್ದು ಒಂದೊಂದು ಬಾಗ್ಲೂ ನೋಡಿ, ಒಳಗೆ ಯಾರವ್ರೆ ಅಂತ. ಆ ದೀಪ ಮಾಡೋದೇ ನನ್ನ ಕೆಲ್ಸ ಅಂದ್ಲು. ನೀವಿರ್ಲಿಲ್ಲ." ಆಕೆ ಬಟ್ಟೆ ಬಿಚ್ಚಿದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. "ಇವ್ನೇ ಕಳ್ಳ. ನಾಳೆ ಇವನ ಜೊತೆ ನನ್ನ ಕೈನೂ ಹೋಯ್ತದೆ."

ಪಡಸಾಲೆ ತುಂಬ "ಹೂಂ" ಎಂದಿತು. ಚೇತನ್ ಕುಮಾರ್ ಮಾತ್ರ ಕಿಸೆಯಿಂದ ಫೋನು ತೆಗೆದು, ಯಾರೂ ಕರೆ ಮಾಡದಿದ್ದರೂ ಕಿವಿಗೆ ಇಟ್ಟುಕೊಂಡು ಒಳಗೆ ನಡೆದರು. ಬಾಗಿಲು ಹಾಕಿಕೊಂಡಿತು.

ಮಂಗಳಾ ಫೋಟೋ ತೆಗೆಯಲು ಕುರ್ಚಿ ಎಳೆದಳು. ಹೊನ್ನಕ್ಕ ತಡೆದಳು. "ಇರು. ಈ ಕೈಯಲ್ಲೇ ತೆಗಿಬೇಕು." ನೋವಿಗೆ ಮುಖ ಕಿವುಚಿಕೊಂಡೇ ಮೊದಲು ಪ್ಲಾಸ್ಟಿಕ್ ಹಾರ ಬಿಚ್ಚಿ ಕಸದ ಡಬ್ಬಿಗೆ ಹಾಕಿದಳು. ಆಮೇಲೆ ಫೋಟೋ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಮಂಗಳಾಳ ಕಂಕುಳಿಗೆ ಸಿಕ್ಕಿಸಿದಳು.

ಎಲ್ಲರೂ ಎದ್ದು ಹೊರಡುತ್ತಾರೆ ಎಂದುಕೊಂಡಿದ್ದಳು ಮಂಗಳಾ. ಯಾರೂ ಏಳಲಿಲ್ಲ. ಪಾವಗಡದ ಕಡೆ ತಿರುಮಣಿಯಿಂದ ಬಂದಿದ್ದ ಪೆದ್ದಣ್ಣ ಎಂಬ ಮುದುಕ ಪಾದದ ಪಟ್ಟಿ ತೋರಿಸಿ, ಮುಚ್ಚಿದ ಬಾಗಿಲಿನ ಕಡೆ ನೋಡಿ ಕೇಳಿದ:

"ಏಮಮ್ಮಾ, ಹಂಗಾದ್ರೆ ನಂಗೆ ಇವತ್ತು ಔಷ್ದಿ ಹಾಕಲ್ವಾ? ಅಷ್ಟು ದೂರದಿಂದ ಬಂದ್ಬುಟ್ಟಿವ್ನಿ. ಫೋಟೋ ನೋಡೇ ಬಂದಿದ್ದು."

ಮಂಗಳಾಳ ಕೋಪ ಮತ್ತೆ ಎದ್ದಿತು. ಇದನ್ನು ಮುದುಕನ ಮೇಲೆ ಹಾಯಿಸುವಂತಿರಲಿಲ್ಲ, ನುಂಗುವಂತೆಯೂ ಇರಲಿಲ್ಲ. ಅವಳು ಫೋಟೋವನ್ನು ಮುಖ ಕೆಳಗಾಗಿ ನೆಲಕ್ಕಿಟ್ಟು, ಪೆದ್ದಣ್ಣನ ಕಾಲ ಬಳಿ ಕೂತು, ಮೆಲ್ಲಗೆ ಪಟ್ಟಿ ಬಿಚ್ಚಿದಳು.

"ಇದಕ್ಕೂ ಪರೀಕ್ಷೆ ಆಗಬೇಕು ತಾತ. ನಾಳೆ ನಮ್ಮ ಜೊತೆ ತುಮಕೂರಿಗೆ ಬನ್ನಿ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಕೇಳಬೇಕು."

ಬೆಂಚಿನವರೆಲ್ಲ ಹತ್ತಿರ ಸರಿದರು. ಹೊನ್ನಕ್ಕ ಗಾಯಕ್ಕೆ ಬಟ್ಟೆ ಸುತ್ತಿಕೊಳ್ಳುತ್ತ, ಅದರ ತುದಿಗಳನ್ನು ಎಡಗೈ ಬೆರಳಲ್ಲೇ ಹಿಡಿದು ತನ್ನ ಹೂವಿನ ಗಂಟನ್ನೇ ಹಾಕಿದಳು.

"ಮೊದಲಿಂದ ಹೇಳು ಮಂಗ್ಳಾ" ಎಂದಳು. "ಹೂಂ ಅನ್ನೋಕೆ ನಾನಿವ್ನಿ."