ಹಳದಿಯಾದ ಹಳ್ಳದ ಬೀದಿ

ಮೂವತ್ತು ದಾಟಿದ್ದರೂ ಅವಳು ಚಿಕ್ಕಪ್ಪನ ಬಾಯಲ್ಲಿ ಪುಟ್ಟಿಯೇ. ಅವನು ನಗರ ಕಚೇರಿಯ ನಕ್ಷೆ ವಿಭಾಗದ ಹಿರಿಯ. ಕೆಲಸ ಕೊಡಿಸಿದವನೂ ಕಲಿಸಿದವನೂ ಅವನೇ ಆದ್ದರಿಂದ ಅವಳು ಕಚೇರಿಗೆಲ್ಲ ಪುಟ್ಟಿಯಾಗಿಬಿಟ್ಟಳು. ಅಪ್ಪ ಸತ್ತ ಮೇಲೆ ಅವಳನ್ನೂ ಅಕ್ಕನನ್ನೂ ಸಾಕಿದವನೂ ಅವನೇ. ದೇವರಿಗಾದರೂ ಎದುರು ಮಾತಾಡಿಯಾಳು, ಚಿಕ್ಕಪ್ಪನಿಗಿಲ್ಲ.

"ನೋಡೇ ಪುಟ್ಟಿ, ಶಾಲೆಗೊಂದು ಬಣ್ಣ, ಆಸ್ಪತ್ರೆಗೊಂದು ಬಣ್ಣ, ಆಗ್ಲಿ. ಹೆಚ್ಚು ಕಮ್ಮಿ ತೋರಿಸೋಕೆ ಮಾತ್ರ ಒಂದೇ ಬಣ್ಣ. ಕಮ್ಮಿ ಇದ್ದಲ್ಲಿ ತೆಳು, ಹೆಚ್ಚಿದ್ದಲ್ಲಿ ಗಾಢ. ಕಣ್ಣು ಓದೋದೇ ಹಾಗೆ," ಎಂದು ಕಲಿಸಿದ್ದ.

ಈ ಸಲದ್ದು ಕೆಟ್ಟ ನೀರು ಕುಡಿದು ಕಾಯಿಲೆ ಬಿದ್ದವರ ನಕ್ಷೆ. ಕಾಯಿಲೆ ಹೆಚ್ಚಿದ್ದ ಒಂದೇ ಕಡೆಗೆ ಹೊಸ ನೀರಿನ ಪೈಪು ಸಿಗುವುದಿತ್ತು, ಅದನ್ನು ಸಭೆ ನಕ್ಷೆ ನೋಡಿ ತೀರ್ಮಾನಿಸುತ್ತಿತ್ತು. ಅಕ್ಕನ ಮನೆ ಹಳ್ಳದ ಬೀದಿಯಲ್ಲಿ. ಅವಳ ಮಗಳು ವಾಂತಿ ಭೇದಿಯಾಗಿ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಳು, ಇನ್ನೊಮ್ಮೆ ಆದರೆ ಮಗು ತಡೆಯುವುದಿಲ್ಲ ಎಂದಿದ್ದರು ಡಾಕ್ಟರು. ಪುಟ್ಟಿ ಕೆಂಪೊಂದನ್ನೇ ಹಿಡಿದು ನಕ್ಷೆ ಮಾಡಿದಳು. ಹಳ್ಳದ ಬೀದಿ ಕಪ್ಪಿಗೆ ತಿರುಗಿದ ಕೆಂಪು, ಮೇಲಿನ ಬಡಾವಣೆ ತೆಳು ಗುಲಾಬಿ.

"ಭೇಷ್! ಪ್ರಿಂಟಿಗೆ ನಾನೇ ಕಳಿಸ್ತೀನಿ, ನೀನು ಮನೆಗೆ ಹೋಗು," ಎಂದ ಚಿಕ್ಕಪ್ಪ. ಎಲ್ಲಿಲ್ಲದ ಅಕ್ಕರೆ!

ಮರುದಿನ ಸಭೆಯ ಗೋಡೆಯ ಮೇಲೆ ಇದ್ದದ್ದು ಪುಟ್ಟಿ ಮಾಡಿದ ನಕ್ಷೆಯಲ್ಲ. ನೀಲಿ, ಹಸಿರು, ನೇರಳೆ ಎಲ್ಲ ಇತ್ತು. ಮೇಲಿನ ಬಡಾವಣೆಗೆ ಉರಿಯುವ ಕೆಂಪು, ಹಳ್ಳದ ಬೀದಿಗೆ ಇದ್ದೂ ಇಲ್ಲದಂಥ ತಿಳಿಹಳದಿ. ಯಾವ ಬಣ್ಣಕ್ಕೆ ಎಷ್ಟು ಜನ ಎಂಬುದು ಕೆಳಗೆ ಸರಿಯಾಗಿಯೇ ಇತ್ತು, ಇರುವೆ ಗಾತ್ರದ ಅಕ್ಷರದಲ್ಲಿ. ಅಷ್ಟು ದೂರದಿಂದ ಅದನ್ನು ಓದುವ ಪುಣ್ಯಾತ್ಮ ಯಾರು?

"ಅಯ್ಯಯ್ಯೋ, ಮೇಲಿನ ಬಡಾವಣೆ ಹೊತ್ತಿ ಉರೀತಿದೆಯಲ್ರೀ!" ಎಂದರು ಅಧ್ಯಕ್ಷರು.

ಪುಟ್ಟಿ ಎದ್ದು ನಿಂತಳು. "ಈ ನಕ್ಷೆ ಮೋಸ ಸಾರ್!"

"ಅಂಕಿ ತಪ್ಪಿದೆಯೇನಮ್ಮ?"

"ಅಂಕಿ ಸರಿ ಇದೆ ಸಾರ್. ಆದ್ರೆ ಆ ಹಳದಿ ಇದೆಯಲ್ಲ, ಅಲ್ಲೇ ಕಾಯಿಲೆ ಹೆಚ್ಚು!"

ಅಧ್ಯಕ್ಷರು ಚಿಕ್ಕಪ್ಪನ ಕಡೆ ನೋಡಿದರು. ಅವನು ನಸುನಕ್ಕ. "ಅವಳ ಅಕ್ಕ ಇರೋದು ಅಲ್ಲೇ ಸಾರ್. ಕರುಳು ಎಳೆಯುತ್ತೆ, ಪಾಪ."

ಸಭೆ ಗೊಳ್ಳೆಂದು ನಕ್ಕಿತು. ಕೈಗಳು ಮೇಲೆದ್ದವು, ಪೈಪು ಮೇಲಿನ ಬಡಾವಣೆಗೆ ಹೋಯಿತು.

ಹೊರಗೆ ಅವಳು ಅವನನ್ನು ತಡೆದು ನಿಲ್ಲಿಸಿದಳು. "ಎಲ್ಲರ ಕಣ್ಣಿಗೂ ಮಣ್ಣೆರಚಿಬಿಟ್ರಲ್ಲ ಚಿಕ್ಕಪ್ಪ!"

"ಒಂದಾದ್ರೂ ಅಂಕಿ ತಿದ್ದಿದ್ದೀನಾ, ತೋರಿಸು. ಮೇಲುಗಡೆ ಮನೆ ಕಟ್ಟಿದ್ದೀನಿ ಕಣೇ. ನನ್ನ ನಲ್ಲೀಲೂ ನೀರು ಬರಬೇಕಲ್ವಾ?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಏನೂ ಅರಿಯದವನು ಮಾಡಿದ್ದರೆ ಪೆದ್ದುತನ ಎಂದು ಬಿಡಬಹುದಿತ್ತು. ಇವನು ಕಣ್ಣು ಹೇಗೆ ಓದುತ್ತದೆ ಎಂದು ಬಲ್ಲವನು, ಬಲ್ಲವನಾದ್ದರಿಂದಲೇ ಕುತ್ತಿಗೆ ಕೊಯ್ದ.

ಅಷ್ಟರಲ್ಲಿ ಅಕ್ಕನ ಫೋನು. "ಪೈಪು ನಮಗೇ ತಾನೇ? ಚಿಕ್ಕಪ್ಪ ಇರೋವಾಗ ನಮಗ್ಯಾಕೆ ಚಿಂತೆ ಅಂತ ಬೀದಿಗೆಲ್ಲ ಹೇಳಿಬಿಟ್ಟೆ ಕಣೇ!"

ಪುಟ್ಟಿ ಸ್ಪೀಕರ್ ಒತ್ತಿದಳು. ಫೋನನ್ನು ಚಿಕ್ಕಪ್ಪನ ಮುಖದ ಮುಂದೆ ಹಿಡಿದಳು. "ಅಕ್ಕ. ನೀವೇ ಹೇಳಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಪುಟ್ಟಿ ಫೋನು ಇಳಿಸಲಿಲ್ಲ.

"ಚಿಕ್ಕಪ್ಪಾ? ಅಲ್ಲೇ ಇದ್ದೀರಾ?" ಎಂದಳು ಅಕ್ಕ. "ನನ್ನ ಮಗಳ ಜೀವ ಉಳಿಸಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ!"